ಅಣುಮದ್ದಿನ ಸಂಶೋಧನೆಯೂ ಸಾಮಾನ್ಯನ ಕುರ್ಚಿಯೂ

ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿ ೧೯೬೯ರಲ್ಲಿ ನಡೆದ ಸಂಗತಿಯೊಂದನ್ನು ಹೋಟೆಲ್ ಬಾಂಧವರು ಅರಿತಿರುವುದು ಲೇಸು. ಅಲ್ಲಿ ನೆಲಸಿದ್ದ, ನಮ್ಮ ಕಡೆಯಿಂದಲೇ ವಲಸೆ ಹೋಗಿದ್ದ ಸುಮಾರು ೨೧ ಮಂದಿ ಸ್ತ್ರೀಯರ ಮನೆಗಳಿಗೆ ಚಪಾತಿಗಳನ್ನು ಕಳುಹಿಸಲಾಗುತ್ತಿತ್ತು. ಹಿಟ್ಟಿನಲ್ಲಿ ವಿಕಿರಣ ಸೂಸುವ ಕಬ್ಬಿಣ ಬೆರೆತಿತ್ತು. ದೇಹವು ಎಷ್ಟು ಕಬ್ಬಿಣವನ್ನು ಹೀರಿಕೊಳ್ಳುವುದೆಂದು ಅಳೆಯುವುದು ಸಂಶೋಧಕರ ಉದ್ದೇಶ. ೧೯೯೫ರಲ್ಲಿ ದೂರದರ್ಶನದ ಚಿತ್ರವೊಂದರಿಂದ ವಿಷಯ ಬಯಲಾಯಿತು, ವಿಚಾರಣೆಯೂ ನಡೆಯಿತು. ಅಪಾಯವು ತೀರ ಅಲ್ಪವೆಂದು ಹೇಳಲಾಯಿತು. ಆದರೆ ಇಂಗ್ಲಿಷ್ ಅರಿಯದ ಆ ಸ್ತ್ರೀಯರಿಗೆ ಇದು ತಿಳಿದಿತ್ತೆ ಎಂಬ ಪ್ರಶ್ನೆಯನ್ನು ೨೦೨೩ರಲ್ಲಿಯೂ ಅಲ್ಲಿನ ಪಾರ್ಲಿಮೆಂಟಿನ ಸದಸ್ಯೆಯೊಬ್ಬರು ಎತ್ತಬೇಕಾಯಿತು. ಹಿಟ್ಟು ಕಲಸಿ ಬಾಳಿದ ನಮಗೆ, ಉಣ್ಣುವವನಿಗೆ ಅರಿವಾಗದಂತೆ ಏನನ್ನಾದರೂ ಬೆರೆಸುವುದಕ್ಕಿಂತ ದೊಡ್ಡ ತಪ್ಪು ತೋರದು.

ಅಂಬರನಾಥದ ನಮಗೇಕೆ ಈ ಮಾತು? ಪರೇಲಿನ ವಿಕಿರಣ ವೈದ್ಯಕೀಯ ಕೇಂದ್ರವು ೧೯೬೩ರಿಂದಲೂ ಕಾರ್ಯನಿರತವಾಗಿದೆ. ಅಣುಮದ್ದುಗಳನ್ನು ಒದಗಿಸುವ ಸರಕಾರೀ ಮಂಡಲಿ ವಾಶಿಯಲ್ಲಿಯೇ ಇದೆ. ಕ್ಯಾನ್ಸರಿನ ಸಂಶೋಧನಾ ಕೇಂದ್ರ ಖಾರಘರದಲ್ಲಿದೆ. ಥೈರಾಯಿಡ್ ರೋಗಿಗೆ ಕೊಡುವ ವಿಕಿರಣಶೀಲ ಅಯೋಡಿನ್ ಎಂಟು ದಿನಗಳಲ್ಲಿ ಅರ್ಧಶಕ್ತಿಗಿಳಿಯುವುದು. ಅದರಿಂದ ಗುಣ ಹೊಂದಿದವರು ಅನೇಕರು. ವೈದ್ಯರು ಹೇಳಿದ ಮದ್ದಿಗೆ ಯಾರೂ ಅಂಜಿ ಹಿಂಜರಿಯಬಾರದು. ಆದರೆ ರೋಗಿಯ ಹಿತಕ್ಕಾಗಿ ಕೊಡುವ ಬಳಕೆಯ ಮದ್ದು ಬೇರೆ. ಜ್ಞಾನಾರ್ಜನೆಗಾಗಿ ದೇಹವನ್ನು ಎರವಲು ಕೇಳುವ ಪರೀಕ್ಷೆ ಬೇರೆ.

ವಿಕಿರಣದ ಸುರಕ್ಷಿತತೆಯನ್ನು ೧೯೮೩ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಲಿ ನೋಡಿಕೊಳ್ಳುತ್ತದೆ. ಪರೀಕ್ಷೆಗೊಳಗಾಗುವ ಮನುಷ್ಯನನ್ನು ನೋಡಿಕೊಳ್ಳಬೇಕಾದುದು ನೀತಿ ಸಮಿತಿ. ಅಮೆರಿಕದಲ್ಲಿ ಇಂತಹ ಮದ್ದುಗಳ ಸಂಶೋಧನೆಗೆಂದೇ ೧೯೭೫ರ ನಿಯಮದಂತೆ ಪ್ರತ್ಯೇಕ ಸಮಿತಿಗಳಿದ್ದು, ಅವುಗಳಲ್ಲಿ ತಜ್ಞರದೇ ಪ್ರಾಧಾನ್ಯ. ಜನಪರ ಸಮಿತಿ ಬೇರೆಯೇ ಇದೆ. ನಮ್ಮ ೨೦೧೯ರ ನಿಯಮಗಳ ಪ್ರಕಾರ ನೀತಿ ಸಮಿತಿಯಲ್ಲಿ ಕನಿಷ್ಠ ೭ ಮಂದಿ ಇರಬೇಕು. ಅರ್ಧದಷ್ಟು ಜನ ಹೊರಗಿನವರು, ಅಧ್ಯಕ್ಷರೂ ಹೊರಗಿನವರು. ಕಾನೂನು ಬಲ್ಲವರೊಬ್ಬರು, ಸ್ತ್ರೀಯೊಬ್ಬರು, ಇವರೊಡನೆ ಒಬ್ಬ ಸಾಮಾನ್ಯ ವ್ಯಕ್ತಿ.

ಈ ಸಾಮಾನ್ಯನ ಕುರ್ಚಿಯೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಐಸೋಟೋಪಿನ ಲೆಕ್ಕವನ್ನು ತಜ್ಞನು ಮಾಡಲಿ. 'ಈ ಕಾಗದ ನನಗೇ ಅರ್ಥವಾಗಲಿಲ್ಲ' ಎಂದು ಹೇಳುವ ಧೈರ್ಯ ಸಾಮಾನ್ಯನದು. ಆ ಕುರ್ಚಿಯಲ್ಲಿ ನಿವೃತ್ತ ಪ್ರಾಧ್ಯಾಪಕರನ್ನು ಕೂಡಿಸಿದರೆ ಸಾಲದು. ಗುಮಾಸ್ತನೊಬ್ಬನೋ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನೊಬ್ಬನೋ ಅಲ್ಲಿರಲಿ. ನಮ್ಮವರು ಗಿರಾಕಿಯೊಡನೆ ಮರಾಠಿಯನ್ನು ಸರಾಗವಾಗಿ ಆಡಬಲ್ಲರು; ಆದರೆ ಮರಾಠಿಯ ಹತ್ತು ಪುಟಗಳನ್ನೋದಿ ರುಜು ಹಾಕುವುದು ಬೇರೆಯ ಮಾತು.

ಒಪ್ಪಿಗೆಪತ್ರವು ಒಪ್ಪುವವನಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದೂ, ಓದಲಾರದವನ ಬಳಿ ನಿಷ್ಪಕ್ಷಪಾತಿಯಾದ ಸಾಕ್ಷಿಯಿರಬೇಕೆಂದೂ, ಪ್ರತಿಯೊಂದು ಅವನ ಕೈಗೆ ಸೇರಬೇಕೆಂದೂ ಕಾನೂನಿದೆ. ಆದುದರಿಂದ ಅಂತಹ ಕಾಗದ ಮುಂದೆ ಬಂದಾಗ ನಮ್ಮವರು ಸಂಕೋಚ ಬಿಟ್ಟು ಕನ್ನಡದ ಪ್ರತಿಯನ್ನು ಕೇಳಲಿ. ಅದು ಬರುವ ತನಕ ರುಜು ಹಾಕದಿರಲಿ.