ಮಂತ್ರಿಗಳೇ, ನಮ್ಮ ಬಚ್ಚಲಿಗೊಮ್ಮೆ ಬನ್ನಿ

ಮಾನ್ಯ ಪ್ರವಾಸೋದ್ಯಮ ಸಚಿವರೇ,

ಮೂಡಿಗೆರೆ ಸೀಮೆಯ ಕಾಫಿ ತೋಟದೊಳಗೆ ನಾಲ್ಕು ಕೋಣೆಯ ಹೋಂಸ್ಟೇ ನಡೆಸುವವನು ನಾನು. ನಮ್ಮ ನಲ್ಲಿಗೆ ಕಾಡಂಚಿನ ಅಬ್ಬಿಯ ನೀರು ಕಪ್ಪು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. ಅಜ್ಜನ ಕಾಲದಲ್ಲಿ ಅಡಿಕೆ ದಂಬೆಯಲ್ಲಿ ಬರುತ್ತಿತ್ತು. ಜುಲೈಯಲ್ಲಿ ಅದನ್ನು ತಡೆಯುವುದೇ ಕಷ್ಟ, ಮಾರ್ಚಿಗೆ ಬೆರಳು ಗಾತ್ರ. ಹೂಮಳೆ ಕೈಕೊಟ್ಟರೆ ಕೆರೆಯಲ್ಲಿ ಉಳಿದದ್ದನ್ನೂ ಸ್ಪ್ರಿಂಕ್ಲರಿಗೆ ಕೊಟ್ಟು ಕಾಫಿ ಹೂ ಬಿಡಿಸಬೇಕು. ಪರೀಕ್ಷೆ ಮುಗಿದ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನವರು ಬಂದಿಳಿಯುವುದು ಇದರ ಬೆನ್ನಿಗೇ.

‘ನೀರು ಅಮೂಲ್ಯ’ ಎಂಬ ಫಲಕ ನಾನೂ ತೂಗುಹಾಕಿದ್ದೆ. ಅದನ್ನೋದಿ ಯಾರೂ ಬೇಗ ಸ್ನಾನ ಮುಗಿಸಲಿಲ್ಲ. ಮನೆಗೆ ಬಂದವರಿಗೆ ಬುದ್ಧಿ ಹೇಳುವುದು ನನಗೂ ಮುಜುಗರವೇ.

ಒಂದು ದಿನ ಕಡೆಯ ಕೋಣೆಯಲ್ಲಿ ಬಕೆಟ್ ಹಿಡಿದು ನಿಂತೆ. ನೀರು ಕಾಯಿಸುವ ಸೋಲಾರ್ ಇರುವುದು ದೊಡ್ಡ ಮನೆಯ ಮಾಡಿನ ಮೇಲೆ, ಅಲ್ಲಿಂದ ಇಲ್ಲಿಗೆ 30 ಮೀಟರ್. ಮುಕ್ಕಾಲು ಇಂಚಿನ ಪೈಪು ಮೀಟರಿಗೆ ಸುಮಾರು 300 ಮಿಲಿ ಲೀಟರ್ ಹಿಡಿಯುತ್ತದೆ. ಅಂದರೆ ಬಿಸಿನೀರು ಬರುವಷ್ಟರಲ್ಲಿ 9 ಲೀಟರ್ ತಣ್ಣೀರು ಚರಂಡಿಗೆ! ಪಾಪ, ಅತಿಥಿಯನ್ನು ಬೈದುಕೊಳ್ಳುತ್ತಿದ್ದೆ. ಆ ನೀರು ಕಳೆದದ್ದು ನಾನೇ ಹಾಕಿಸಿದ ಪೈಪು.

ಆ ಬಚ್ಚಲಿಗೇ ಸಣ್ಣದೊಂದು ಗೀಸರ್ ಕೂರಿಸಿದೆ. ಬಕೆಟ್, ತಂಬಿಗೆಯನ್ನು ಕೈಗೆ ಮೊದಲು ಸಿಗುವಂತೆ ನಲ್ಲಿಯಡಿ ಇಟ್ಟು, ಶವರನ್ನು ಮೂಲೆಗೆ ಸರಿಸಿದೆ. ಫ್ಲಶ್ಶಿಗೆ 3 ಮತ್ತು 6 ಲೀಟರಿನ ಎರಡು ಗುಂಡಿ. (ಎರಡೂ ಒಂದೇ ಗಾತ್ರವಿದ್ದರೆ ಜನ ಒಟ್ಟಿಗೇ ಅದುಮುತ್ತಾರೆ, ನೋಡಿದ್ದೇನೆ.) ಕಾಫಿ ಕುಡಿಯುವ ಜಗಲಿಗೆ ಎದುರಾಗಿ ನೀರಿನ ಟ್ಯಾಂಕು ನಿಲ್ಲಿಸಿ, ಪಕ್ಕಕ್ಕೆ ಪಾರದರ್ಶಕ ಕೊಳವೆ ಜೋಡಿಸಿ ಒಂದು ಕೆಂಪು ಗೆರೆ ಎಳೆದೆ. ಈಗ ಮಕ್ಕಳೇ ಕೂಗುತ್ತವೆ: “ಅಪ್ಪಾ, ಗೆರೆ ಹತ್ರ ಬಂತು!”

ಇದು ನನ್ನೊಬ್ಬನ ಹುಚ್ಚಲ್ಲ. ಸ್ವಿಟ್ಜರ್ಲೆಂಡಿನ ಆರು ಹೋಟೆಲುಗಳಲ್ಲಿ ಶವರಿಗೆ ಪುಟ್ಟ ಮೀಟರ್ ಹಾಕಿ ನೋಡಿದ್ದಾರೆ, 2019ರಲ್ಲಿ ಅದರ ವರದಿ ಪ್ರಕಟವಾಯಿತು. ಎಷ್ಟು ನೀರು ಹರಿಯಿತೆಂದು ಕಣ್ಣೆದುರೇ ಕಂಡಾಗ ಸ್ನಾನದ ನೀರು ಕಾಯಿಸಲು ಖರ್ಚಾದ ಶಕ್ತಿ ಶೇಕಡಾ 11.4ರಷ್ಟು ಇಳಿಯಿತು. ನೀರಿನ ಬಿಲ್ಲು ಕಟ್ಟುವ ಗೊಡವೆಯೇ ಇಲ್ಲದ ಅತಿಥಿಗಳು ಅವರು.

ಬೆಂಗಳೂರು ಜಲಮಂಡಳಿ 2024ರ ಮಾರ್ಚಿನಲ್ಲಿ, ನಗರ ಬಾಯಾರಿದ್ದಾಗ, ವಾಣಿಜ್ಯ ಕಟ್ಟಡಗಳ ನಲ್ಲಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಜಾಲರಿ ಕಡ್ಡಾಯ ಮಾಡಿತು. ಅಲ್ಲಿ ಜಾಲರಿ ಹಾಕಿದ ನಲ್ಲಿ ತಿರುಗಿಸಿದವರೇ ವಾರದ ಕೊನೆಗೆ ನಮ್ಮ ಬೆಟ್ಟಕ್ಕೆ ಬಂದು ಧಾರಾಳವಾಗಿ ಮೀಯುತ್ತಾರೆ. ಏಪ್ರಿಲಿನಲ್ಲೂ ‘ರೈನ್ ಡ್ಯಾನ್ಸ್’ ಎಂದು ಕರೆಯುವ ರೆಸಾರ್ಟುಗಳ ವಿಷಯ ಇನ್ನೊಂದು ಪತ್ರಕ್ಕಿರಲಿ.

ಹೋಂಸ್ಟೇ ನೋಂದಣಿ ಮಾಡುವಾಗ ಬಚ್ಚಲಿನ ಬಗ್ಗೆ ಮೂರು ಪ್ರಶ್ನೆ ಸೇರಿಸಿ ಎಂಬುದು ನನ್ನ ಬೇಡಿಕೆ. ಬಿಸಿನೀರು ಎಷ್ಟು ದೂರದಿಂದ ಬರುತ್ತದೆ? ಫ್ಲಶ್ ಎಷ್ಟು ಲೀಟರಿನದು? ಮಿಂದ ನೀರು ಬಾಳೆ ಬುಡಕ್ಕೆ ಹೋಗುತ್ತದೋ, ಹಳ್ಳಕ್ಕೋ? ಉತ್ತರ ಸರಿಯಿದ್ದವರಿಗೆ ನೋಂದಣಿ ಶುಲ್ಕದಲ್ಲಿ ಒಂದಿಷ್ಟು ಬಿಟ್ಟುಕೊಡಿ. ದಯವಿಟ್ಟು ಹೊಸ ಫಲಕ ಮಾತ್ರ ಅಚ್ಚು ಹಾಕಿಸಬೇಡಿ.

ಬರುವುದಾದರೆ ಮಳೆಗಾಲ ಬಿಟ್ಟು ಏಪ್ರಿಲಿನಲ್ಲಿ ಬನ್ನಿ. ಕಡೆಯ ಕೋಣೆ ನಿಮಗೇ. ಒಂದು ಬಕೆಟ್ ಬಿಸಿನೀರು ಖಂಡಿತ ಸಿಗುತ್ತದೆ. ಎರಡನೆಯದು ಬೇಕೆಂದರೆ ಮೊದಲು ಜಗಲಿಗೆ ಬಂದು ಗೆರೆ ನೋಡಬೇಕಾಗುತ್ತದೆ.

ಇತಿ,
ಮೂಡಿಗೆರೆ ಸೀಮೆಯ ಒಬ್ಬ ಹೋಂಸ್ಟೇ ಮಾಲೀಕ