ಆಪಾದಿತನ ಪಕ್ಕದಲ್ಲಿ ನಿಲ್ಲುವವರು ಬೇಕಾಗಿದ್ದಾರೆ

ಕಾನೂನು ಪದವಿಯನ್ನು ಈಗತಾನೆ ಪಡೆದಿರುವ ತರುಣ ತರುಣಿಯರಲ್ಲಿಯೂ, ಅವರ ತಂದೆತಾಯಂದಿರಲ್ಲಿಯೂ, ನಮ್ಮ ವಕೀಲರ ಸಂಘಗಳ ಹಿರಿಯರಲ್ಲಿಯೂ ಒಂದು ಸಂಗತಿಯನ್ನು ಅರಿಕೆ ಮಾಡಿಕೊಳ್ಳಬೇಕೆಂದು ಬಹುದಿನಗಳಿಂದ ನನ್ನ ಮನಸ್ಸಿನಲ್ಲಿದೆ. ಅಪರಾಧ ಮತ್ತು ನ್ಯಾಯದ ಕ್ಷೇತ್ರದಲ್ಲಿ ಉದ್ಯೋಗವೆಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಸಬ್ ಇನ್‌ಸ್ಪೆಕ್ಟರರ ಖಾಕಿ, ಅದನ್ನುಳಿದರೆ ನ್ಯಾಯಾಧೀಶರ ಪೀಠ. ಎರಡೂ ಗೌರವದ ಸ್ಥಾನಗಳೇ. ಅವುಗಳಿಗಾಗಿ ಧಾರವಾಡದ ಬಾಡಿಗೆ ಕೋಣೆಗಳಲ್ಲಿ ನಿದ್ದೆಗೆಟ್ಟು ಓದುವ ಮಕ್ಕಳ ಪರಿಶ್ರಮವನ್ನು ನಾನು ಲಘುವಾಗಿ ಕಾಣುವವನಲ್ಲ. ಆದರೆ ಕಟಕಟೆಯಲ್ಲಿ ನಿಂತ ನಿರ್ಗತಿಕನ ಪರವಾಗಿ ಎದ್ದು ಮಾತನಾಡುವವರ ಸ್ಥಾನದ ಕಡೆಗೆ ನಮ್ಮ ಮೇಧಾವಿ ಮಕ್ಕಳ ದೃಷ್ಟಿ ಹರಿಯದಿರುವುದು ನನಗೆ ತೀವ್ರವಾದ ಕಳವಳವನ್ನುಂಟುಮಾಡಿದೆ.

ನಮ್ಮ ದೇಶದ ಸೆರೆಮನೆಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ಅಪರಾಧಿಗಳೆಂದು ತೀರ್ಮಾನವಾಗದ ವಿಚಾರಣಾಧೀನರು. ಕೂಲಿಗಾಗಿ ಊರು ಬಿಟ್ಟು ಬೆಂಗಳೂರಿಗೆ ಬಂದವನೊಬ್ಬನ ಮೇಲೆ ಕಳ್ಳತನದ ಆರೋಪ ಬಂದು, ನ್ಯಾಯಾಲಯವು ಅವನಿಗೆ ಜಾಮೀನನ್ನೂ ಮಂಜೂರು ಮಾಡಿತೆನ್ನಿ. ಪಹಣಿಯನ್ನೂ ಆಧಾರ್ ಚೀಟಿಯನ್ನೂ ಹಿಡಿದು ಬಂದು ಅವನಿಗೆ ಹೊಣೆ ನಿಲ್ಲುವವರು ಯಾರು? ಆದೇಶವು ಕಡತದಲ್ಲಿ, ಮನುಷ್ಯನು ಪರಪ್ಪನ ಅಗ್ರಹಾರದಲ್ಲಿ! ಜಾಮೀನು ದೊರೆತು ಏಳು ದಿನಗಳಾದರೂ ಬಿಡುಗಡೆಯಾಗದವನ ವಿಷಯವನ್ನು ಕಾರಾಗೃಹದ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದೆಂದು ಸುಪ್ರೀಂ ಕೋರ್ಟು 2023ರಲ್ಲಿ ನಿರ್ದೇಶಿಸಿದೆ. ಮರಣದಂಡನೆ, ಜೀವಾವಧಿ ಶಿಕ್ಷೆಗಳ ಅಪರಾಧಗಳನ್ನುಳಿದು, ಹಿಂದೆಂದೂ ಅಪರಾಧಿಯೆಂದು ತೀರ್ಮಾನವಾಗದ ಆಪಾದಿತನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲವನ್ನು ಸೆರೆಯಲ್ಲಿ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಹೇಳುತ್ತದೆ. ಅವನ ಮೇಲೆ ಬೇರೆ ಮೊಕದ್ದಮೆಗಳು ಇರಬಾರದಷ್ಟೆ. ಕಾನೂನಿಗೆ ಕರುಣೆಯಿಲ್ಲವೆನ್ನುವಂತಿಲ್ಲ. ಆದರೆ ಸೆರೆಯ ದಿನಗಳನ್ನು ಎಣಿಸಿ, ಷರತ್ತನ್ನು ಸಡಿಲಿಸಬೇಕೆಂಬ ಅರ್ಜಿಯನ್ನು ಬರೆದು, ಆ ಕರುಣೆಯನ್ನು ಅವನವರೆಗೆ ತಲುಪಿಸುವುದಕ್ಕೆ ಒಬ್ಬ ವಕೀಲ ಬೇಕು.

ಈ ಕೆಲಸಕ್ಕೆ ಈಗ ಹುದ್ದೆಗಳಿವೆ. 1976ರ ತಿದ್ದುಪಡಿಯಿಂದ ಸಂವಿಧಾನವನ್ನು ಸೇರಿದ 39ಎ ಅನುಚ್ಛೇದವೂ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವೂ ಕೊಟ್ಟ ಭರವಸೆಯನ್ನು ನಡೆಸಿಕೊಡಲೆಂದು 2022ರ ಯೋಜನೆಯನ್ವಯ ಏರ್ಪಟ್ಟಿರುವ ಕಾನೂನು ನೆರವು ಅಭಿರಕ್ಷಕರ ಕಚೇರಿಗಳಲ್ಲಿ ವಕೀಲರು ಖಾಸಗಿ ವಕೀಲಿಕೆಯನ್ನು ಬಿಟ್ಟು ಪೂರ್ಣಾವಧಿಗೆ ದುಡಿಯುತ್ತಾರೆ, ತಿಂಗಳು ತಿಂಗಳಿಗೆ ಸಂಭಾವನೆ ಪಡೆಯುತ್ತಾರೆ. ಸಹಾಯಕ ಅಭಿರಕ್ಷಕರ ಹುದ್ದೆಗೆ ಮೂರು ವರ್ಷಕ್ಕೆ ಮೀರದ ಅನುಭವದವರೇ, ಹೊಸದಾಗಿ ಸನ್ನದು ಪಡೆದವರು ಕೂಡ, ಅರ್ಹರು. ಗುತ್ತಿಗೆಯ ನೌಕರಿಯೆಂದು ಹಿಂಜರಿಯುವವರುಂಟು. ಆ ಅಂಜಿಕೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೂ ಸೆಷನ್ಸ್ ನ್ಯಾಯಾಲಯದಲ್ಲಿ ದಿನಂಪ್ರತಿ ನಿಂತು ಕಲಿಯುವ ಅವಕಾಶ ಮತ್ತೆಲ್ಲಿ ದೊರೆತೀತು? ಸಿವಿಲ್ ನ್ಯಾಯಾಧೀಶರಾಗಲು ಮೂರು ವರ್ಷಗಳ ವಕೀಲಿಕೆ ಅವಶ್ಯವೆಂದು 2025ರಲ್ಲಿ ತೀರ್ಪಾಗಿರುವಾಗ, ಆ ವರ್ಷಗಳನ್ನು ಕೇವಲ ವಕಾಲತ್ತು ಸಲ್ಲಿಸುವುದರಲ್ಲಿ ಕಳೆಯುವುದು ತರವಲ್ಲ.

ಪೋಷಕರೇ, ಕಳ್ಳರ ಪರ ವಾದಿಸುವುದಕ್ಕಾಗಿ ಮಗಳನ್ನು ಓದಿಸಿದೆವೇ ಎಂದು ದಯಮಾಡಿ ಕೇಳಬೇಡಿರಿ. ಅವನು ಕಳ್ಳನೋ ಅಲ್ಲವೋ ಎಂಬುದು ಇತ್ಯರ್ಥವಾಗಬೇಕಾದರೆ ಅವನ ಮಾತನ್ನು ಹೇಳುವವರೊಬ್ಬರು ಇರಲೇಬೇಕು.

ಹಿರಿಯ ವಕೀಲರೇ, ನನ್ನ ಮನವಿಯ ಭಾರವೆಲ್ಲ ನಿಮ್ಮ ಮೇಲೆಯೇ ಇದೆ. ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿಗಳನ್ನಾದರೂ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸೂಚಿಸಿದೆ. ಹಳ್ಳಿಯಿಂದ ಬಂದ ಬಡ ಮಕ್ಕಳು ಕ್ರಿಮಿನಲ್ ವಕೀಲಿಕೆಯನ್ನು ತೊರೆದುಹೋಗುವುದು ಬಸ್ಸಿನ ಖರ್ಚಿಗೂ ಊಟಕ್ಕೂ ದುಡ್ಡು ಸಾಲದೆ, ಬುದ್ಧಿಯ ಕೊರತೆಯಿಂದಲ್ಲ. ಈ ವರ್ಷ ಅಂಥ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನಿಮ್ಮ ಕಚೇರಿಗೆ ಸೇರಿಸಿಕೊಳ್ಳಿರಿ. ಪರಿಷತ್ತು ಸೂಚಿಸಿದ ಹಣವನ್ನು ತಪ್ಪದೆ ಕೊಡಿರಿ. ದೋಷಾರೋಪ ಪಟ್ಟಿಯನ್ನು ಓದುವ ಕ್ರಮವನ್ನು ಎದುರಿಗೆ ಕೂರಿಸಿಕೊಂಡು ಕಲಿಸಿರಿ. ವರ್ಷ ತುಂಬುವುದರೊಳಗೆ ಒಬ್ಬ ಸಾಕ್ಷಿಯ ಪಾಟೀಸವಾಲನ್ನಾದರೂ ಅವರಿಗೇ ಬಿಟ್ಟುಕೊಡಿರಿ.