ರೋಗಿಯ ಗುಟ್ಟು ಯಾರ ಸೊತ್ತು?

ಆಹಾರವನ್ನು ಮುಟ್ಟಿ ದುಡಿಯುವ ಪ್ರತಿಯೊಬ್ಬನೂ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆಗೆ ಒಳಪಡತಕ್ಕದ್ದೆಂದು 2011ರ ಆಹಾರ ಸುರಕ್ಷತಾ ನಿಯಮಗಳು ವಿಧಿಸಿವೆ. ಕರುಳಿನ ರೋಗಗಳಿಗೆ ಲಸಿಕೆ ಹಾಕಿಸಿಕೊಳ್ಳುವುದೂ ಅದರಲ್ಲಿ ಸೇರಿದೆ. ವಿಧಿಯು ಯೋಗ್ಯವಾದುದೇ ಸರಿ. ಉಣ್ಣುವವನ ಕ್ಷೇಮವು ಬಡಿಸುವವನ ಕೈಯಲ್ಲಿದೆ. ಆದರೆ ಆ ತಪಾಸಣೆಯ ಕಾಗದದಲ್ಲಿ ಏನಿರಬೇಕು, ಅದನ್ನು ಯಾರು ಓದಬಹುದು ಎಂದು ಕೇಳುವವರು ನಮ್ಮಲ್ಲಿ ವಿರಳ.

ನಾವೂ ಬಹುಕಾಲ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರೇ. ಕೆಲಸಗಾರರ ಕಾಗದಗಳನ್ನು ಬಿಲ್ಲುಗಳೊಡನೆ ಮೊಳೆಗೆ ಚುಚ್ಚಿಟ್ಟಿದ್ದೆವು, ಬಂದುಹೋದವರೆಲ್ಲ ಓದಿದರು. ಅದು ತಪ್ಪೆಂದು ಅಂದು ನಮಗೆ ತೋರಲಿಲ್ಲ.

ರೋಗಗಳೆಲ್ಲ ಒಂದೇ ದಾರಿಯಲ್ಲಿ ಹರಡುವುದಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ವಿಷಮಶೀತಜ್ವರವು ಅನ್ನ ನೀರುಗಳ ಮೂಲಕ ಹರಡುವುದರಿಂದ ಅದು ತಗಲಿದವನು ಅಡಿಗೆಮನೆಯಿಂದ ದೂರವಿರಲೇಬೇಕು. ಶ್ವಾಸಕೋಶದ ಕ್ಷಯವು ಕೆಮ್ಮಿನಿಂದ ಗಾಳಿಯಲ್ಲಿ ಹರಡುತ್ತದೆ. ಸರಿಯಾದ ಚಿಕಿತ್ಸೆ ತೊಡಗಿದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಆ ಭಯ ತಗ್ಗುತ್ತದೆ. ಎಚ್‌ಐವಿಯಾದರೋ ತಟ್ಟೆ ಲೋಟಗಳಿಂದಾಗಲಿ, ಸ್ಪರ್ಶದಿಂದಾಗಲಿ, ಬೇಯಿಸಿದ ಅನ್ನದಿಂದಾಗಲಿ ಹರಡುವುದೇ ಇಲ್ಲ.

ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಾವಳಿಯಂತೆ ರೋಗಿಯ ಗುಟ್ಟನ್ನು ಬಯಲು ಮಾಡುವಂತಿಲ್ಲ. ನ್ಯಾಯಾಧೀಶರ ಆಜ್ಞೆ, ಗೊತ್ತಾದ ವ್ಯಕ್ತಿಗೋ ಸಮುದಾಯಕ್ಕೋ ಇರುವ ಗಂಭೀರ ಅಪಾಯ, ಸರಕಾರಕ್ಕೆ ತಿಳಿಸಲೇಬೇಕಾದ ರೋಗ ಇವಿಷ್ಟೇ ಅದಕ್ಕೆ ಅಪವಾದಗಳು. ಕ್ಷಯವು 2012ರಿಂದ ಅಂಥ ರೋಗಗಳಲ್ಲೊಂದು. ಆದರೆ ಅದನ್ನು ತಿಳಿಸಬೇಕಾದದ್ದು ಆರೋಗ್ಯ ಇಲಾಖೆಗೆ, ಮಾಲಕನಿಗಲ್ಲ.

ನ್ಯಾಯಾಲಯಗಳೂ ಇದೇ ದಿಕ್ಕಿನಲ್ಲಿ ನಡೆದಿವೆ. ಎಚ್‌ಐವಿ ಇದೆಯೆಂದು ಕೆಲಸ ನಿರಾಕರಿಸಲ್ಪಟ್ಟ ಒಬ್ಬ ದಿನಗೂಲಿಯ ಮೊಕದ್ದಮೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು 1997ರಲ್ಲಿ, ದುಡಿಯಲು ಶಕ್ತನಾಗಿದ್ದು ಇತರರಿಗೆ ಅಪಾಯವಾಗದವನನ್ನು ರೋಗದ ಹೆಸರಿನಿಂದ ಹೊರಗಿಡಲಾಗದೆಂದು ತೀರ್ಪಿತ್ತಿತು. ಅವನ ಹೆಸರನ್ನೂ ಗುಪ್ತವಾಗಿರಿಸಿತು. 2017ರ ಎಚ್‌ಐವಿ ಕಾಯಿದೆಯು ಕೆಲಸ ಕೊಡುವುದಕ್ಕೆ ಆ ಪರೀಕ್ಷೆಯನ್ನು ಷರತ್ತಾಗಿ ಒಡ್ಡುವುದನ್ನೇ ನಿಷೇಧಿಸಿತು. ಅದೇ ವರ್ಷ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು.

‘ನನ್ನ ಹೋಟೆಲಿನ ಹೆಸರು ಕೆಟ್ಟರೆ ಯಾರು ಹೊಣೆ? ನನಗೆ ತಿಳಿಯಬಾರದೇ?’ ಎಂದು ಮಾಲಕರು ಕೇಳಬಹುದು. ತಿಳಿಯಬೇಕಾದದ್ದು ಇಷ್ಟೇ: ಇವನು ಈಗ ಆಹಾರ ಮುಟ್ಟಿ ದುಡಿಯಬಹುದೋ ಇಲ್ಲವೋ, ಇಲ್ಲವಾದರೆ ಎಷ್ಟು ದಿನ. ಕೋಣೆಯಲ್ಲಿ ಜತೆಗಿರುವವರು ಪರೀಕ್ಷಿಸಿಕೊಳ್ಳಬೇಕಿದ್ದರೆ ಆರೋಗ್ಯ ಸಿಬ್ಬಂದಿ ತಿಳಿಸುತ್ತಾರೆ. ಇದಕ್ಕಿಂತ ಹೆಚ್ಚಿನದು ರೋಗಿಯ ಸೊತ್ತು. ಗುಟ್ಟು ಒಡೆದರೆ ಕೆಲಸ ಹೋಗುವುದೆಂಬ ಭಯವಿದ್ದಲ್ಲಿ ಎಂಟು ಮಂದಿ ಮಲಗುವ ಕೋಣೆಯ ಹುಡುಗನು ಕೆಮ್ಮನ್ನು ಅಡಗಿಸುತ್ತಾನೆ, ಜ್ವರದಲ್ಲೇ ಹಿಟ್ಟು ಕಲಸುತ್ತಾನೆ. ಆಗ ಕೆಡುವುದು ಅವನೊಬ್ಬನ ಆರೋಗ್ಯವಲ್ಲ.

ಕಾರ್ಮಿಕ ಬಂಧುಗಳು ವೈದ್ಯರಲ್ಲಿ ಏನನ್ನೂ ಮುಚ್ಚಿಡಬಾರದು. ತಮ್ಮ ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮವಿರುವುದನ್ನು ಮರೆಯಬಾರದು. ಕಚೇರಿಯಲ್ಲಿ ರಜೆಗಾಗಿ ವೈದ್ಯರ ಕಾಗದವನ್ನು ಒಪ್ಪಿಸುವ ಕಾರಕೂನರು ಅದನ್ನು ಮುಚ್ಚಿದ ಲಕೋಟೆಯಲ್ಲಿ ಕೊಡುವುದು ಲೇಸು. ಮಾಲಕರು ಕಾಗದವನ್ನು ಮೊಳೆಯಿಂದ ಇಳಿಸಿ ಬೀಗವಿರುವ ಪೆಟ್ಟಿಗೆಯಲ್ಲಿಡಲಿ. ಗುಣವಾಗಿ ಬಂದವನಿಗೆ ಅವನ ಕೆಲಸ ಕಾದಿರುವುದೆಂದು ಮೊದಲೇ ಹೇಳಲಿ. ಈ ಒಂದು ಮಾತು ದೊರೆತರೆ ಅವನು ರೋಗವನ್ನು ಬಚ್ಚಿಡಲಾರನೆಂದು ನಾವು ನಂಬುತ್ತೇವೆ.